ನಾಗಭೂಷಣ್ ವಕೀಲರ ಖಾಲಿ ಹಾಳೆಗಳು

ಹರಿಹರದ ನಾಗಭೂಷಣ್ ವಕೀಲರು ದಾವಣಗೆರೆಯಲ್ಲಿ ಕಚೇರಿ ತೆರೆದದ್ದು ನಮ್ಮ ಬಟ್ಟೆ ಅಂಗಡಿಯ ಮಹಡಿಯಲ್ಲಿ. ಅವರ ಮೊದಲ ಕಪ್ಪು ಕೋಟಿನ ಬಟ್ಟೆಯೂ ನಮ್ಮದೇ. ಬಣ್ಣ ಬಿಡುವುದಿಲ್ಲ ಎಂದು ಹೇಳಿ ಕೊಟ್ಟಿದ್ದೆವು. ಬಟ್ಟೆಯ ಮಟ್ಟಿಗೆ ಆ ಮಾತು ಸುಳ್ಳಾಗಲಿಲ್ಲ.

ಅವರಿಗೆ ಹೆಸರು ತಂದದ್ದು ದುರುಗವ್ವನ ಮೊಕದ್ದಮೆ. ಅವಳು ಹರಿಹರದಲ್ಲಿ ಮೂವತ್ತು ವರ್ಷದಿಂದ ಮಂಡಕ್ಕಿ ಭಟ್ಟಿ ನಡೆಸುತ್ತಿದ್ದ ವಿಧವೆ. ಲೇಔಟ್ ಮಾಡುವವನೊಬ್ಬ ಆ ಜಾಗ ತನ್ನದೆಂದಾಗ ನಾಗಭೂಷಣ್ ಫೀಸು ಮುಟ್ಟದೆ ತಡೆಯಾಜ್ಞೆ ತಂದರು. ಪತ್ರಿಕೆಯಲ್ಲಿ ಫೋಟೊ ಬಂತು. ಬಡವರ ವಕೀಲರೆಂಬ ಹೆಸರಿನ ಮೇಲೆ ಶಾಸಕರೂ ಆದರು. ಪ್ರಚಾರದ ಜೀಪಿನಲ್ಲಿ ಮುಂದೆ ಕೂತವಳು ದುರುಗವ್ವ.

ಹೊತ್ತಿಸಿದ ಭಟ್ಟಿ ಬಿಟ್ಟು ಕೋರ್ಟಿಗೆ ಅಲೆಯಲಾಗದು. ಅದಕ್ಕೆ ವಕೀಲರ ಗುಮಾಸ್ತ ಕುಬೇರಪ್ಪನೇ ಆಗಾಗ ಭಟ್ಟಿಗೆ ಹೋಗಿ ಖಾಲಿ ಹಾಳೆಗಳಿಗೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಬರುತ್ತಿದ್ದ.

"ಇದ್ರಾಗೆ ಏನ್ ಬರಿತೀಯೋ ಕುಬೇರಣ್ಣ?"

"ಭಟ್ಟಿ ನಿನಗೇ ಇರ್ಲಿ ಅಂತ ಬರಿತೀನವ್ವ."

"ಹಂಗಾರೆ ಇನ್ನೆರಡು ಒತ್ತಲೇನು?"

ಎರಡನೇ ಚುನಾವಣೆಯ ಹೊತ್ತಿಗೆ ಲೇಔಟಿನವನ ಕಾರು ಶಾಸಕರ ಮನೆ ಮುಂದೆ ನಿಲ್ಲತೊಡಗಿತು. ಚುನಾವಣೆ ಎಂದ ಮೇಲೆ ಎಲ್ಲರ ಕಾರೂ ನಿಲ್ಲುತ್ತವೆ ಎಂದುಕೊಂಡೆವು. ಅಷ್ಟಾಗಿಯೂ ಸೋತರು. ಸುಮ್ಮನೆ ಕೂಡದೆ ಪರೀಕ್ಷೆ ಬರೆದು, ಜಿಲ್ಲಾ ನ್ಯಾಯಾಧೀಶರಾಗಿ ಬೇರೆ ಊರಿಗೆ ಹೋದರು. ಸನ್ಮಾನದ ಶಾಲು ನಮ್ಮದು, ಮಂಡಕ್ಕಿ ಮೂಟೆ ದುರುಗವ್ವನದು.

ಹೋದ ವರ್ಷ ಕೋರ್ಟಿನ ಅಮೀನ ಭಟ್ಟಿ ಬಿಡಿಸಲು ಬಂದ. ಎರಡನೇ ಚುನಾವಣೆಗೆ ಮುಂಚೆಯೇ ರಾಜಿ ಪತ್ರ ಸಲ್ಲಿಕೆಯಾಗಿತ್ತಂತೆ: ಮೂರು ವರ್ಷದಲ್ಲಿ ಜಾಗ ಬಿಟ್ಟುಕೊಡುತ್ತೇನೆ. ಕೆಳಗೆ ದುರುಗವ್ವನ ಹೆಬ್ಬೆಟ್ಟು.

ಬಸ್ಸು ಹತ್ತಿ ನ್ಯಾಯಾಧೀಶರ ಮನೆಗೆ ಹೋದಳು. ಅವರು ಗೇಟಿನವರೆಗೆ ಬಂದರು.

"ದುರುಗವ್ವ, ನಾನೀಗ ಜಡ್ಜು. ಕೇಸಿನ ಮಾತು ಆಡಂಗಿಲ್ಲ. ಕಾನೂನೈತೆ."

"ಕಾನೂನೈತೆ ಅಂತಲೇ ಅವತ್ತು ನಿಮ್ಮ ಹತ್ರ ಬಂದಿದ್ದೆ ಸಾಹೇಬ್ರೆ."

ಹೊಸ ವಕೀಲೆ ಸುಷ್ಮಾ ಒಂದೇ ದಾರಿ ತೋರಿಸಿದರು: ಹಾಳೆ ಖಾಲಿಯಿತ್ತೆಂದು ಕುಬೇರಪ್ಪ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ದೇವರಾಜ ಅರಸು ಬಡಾವಣೆಯ ಅವನ ಮನೆಗೆ ಮೂವರೂ ಹೋದೆವು. "ಬರ್ರಿ, ಕೂಡ್ರಿ" ಎಂದವನು ಕಾಗದವನ್ನು ಎರಡು ಸಲ ಓದಿದ.

"ಒತ್ತಿಸಿದೋನು ಯಾರು ಅಂತ ಕೇಳ್ತಾರೆ. ನನ್ನನ್ನೇ ಹಿಡಿತಾರೆ. ಮಗಳಿಗೆ ಕೆಲಸ ಕೊಡಿಸಿದ್ದೂ ಸಾಹೇಬ್ರೇ..."

"ಸಹಿ ಬ್ಯಾಡ ಬಿಡು ಕುಬೇರಣ್ಣ. ಖಾಲಿ ಇತ್ತೋ ಇಲ್ಲೋ, ಬಾಯಲ್ಲಿ ಹೇಳು ಸಾಕು."

"ಖಾಲಿ ಇತ್ತವ್ವ."

ಸುಷ್ಮಾ ಪೆನ್ನು ಚಾಚಿದರು. ಅವನು ಚಹಾ ಮಾಡಿಸುತ್ತೇನೆಂದು ಒಳಗೆ ಹೋದವನು ನಾವು ಎದ್ದು ಬರುವವರೆಗೂ ಹೊರಗೆ ಬರಲಿಲ್ಲ.

ಸಾಕ್ಷಿಯಿಲ್ಲದ ಅರ್ಜಿ ವಜಾ ಆಯಿತು. ಭಟ್ಟಿ ಕೆಡವಿದ ಸಂಜೆ ನಾಗಭೂಷಣ್ ನನಗೆ ಫೋನ್ ಮಾಡಿದರು.

"ದುರುಗವ್ವ ನನಗೇನಾದ್ರೂ ಅಂದ್ಲೇನ್ರಿ?"

ಇಲ್ಲ ಎಂದೆ. ಅಂದದ್ದೇನೋ ನಿಜ. ಆದರೆ ಅದು ನ್ಯಾಯಾಧೀಶರ ಕಿವಿಗೆ ಹಾಕುವಂಥ ಮಾತಾಗಿರಲಿಲ್ಲ.