ದಾಸವಾಳದ ಎರಡು ದಿನದ ಉಪವಾಸ

ಗೆಳೆಯರೇ, ಇಂದು ನಾನು ವಿಜ್ಞಾನ ಕಲಿಸುವ ಸಿದ್ದಾಪುರದ ಶಾಲೆಯಲ್ಲಿ ನನ್ನ ಮಾನ ಹೋಯಿತು. ಬೆಳಕಿಲ್ಲದೆ ಎಲೆ ಆಹಾರ ತಯಾರಿಸದು ಎಂದು ತೋರಿಸಲು ದಾಸವಾಳದ ಕುಂಡವನ್ನು ಎರಡು ದಿನ ಮನೆಯ ಕತ್ತಲೆ ಕೋಣೆಯಲ್ಲಿಟ್ಟಿದ್ದೆ. ಇಂದು ತರಗತಿಯಲ್ಲಿ ಅದರ ಎಲೆ ಬೇಯಿಸಿ ಟಿಂಚರ್ ಅಯೋಡಿನ್ ಹಾಕಿದೆ. ಎಲೆ ತಯಾರಿಸಿದ ಆಹಾರ, ಅಂದರೆ ಪಿಷ್ಟ, ಇದ್ದರೆ ಮಾತ್ರ ಎಲೆ ಕಡುನೀಲಿಯಾಗಬೇಕು. ಆಗಿಯೇಬಿಟ್ಟಿತು!

“ಕತ್ತಲ್ಯಾಗೂ ಅಡಿಗಿ ಮಾಡತೈತೇನ್ರಿ ನಿಮ್ಮ ಗಿಡಾ?” ಎಂದು ಶಾಲಾ ತಪಾಸಣೆಗೆ ಧಾರವಾಡದಿಂದ ಬಂದ ಇನ್ಸ್‌ಪೆಕ್ಟರ್ ಸಾಹೇಬರು ನಕ್ಕರು.

ಮನೆಗೆ ಬಂದು ತಾಯಿಯ ಮೇಲೆ ಕೂಗಾಡಿದೆ. “ಆಯಿ, ಗಿಡ ಮುಟ್ಟಿದ್ಯನೇ?”

“ಮತ್ತೆಂತ ಮಾಡದು? ಏಕಾದಶಿಗೂ ಒಂದೇ ದಿನ ಉಪವಾಸ! ಬಿಸಿಲಿಲ್ದೇ ಅದು ಎಂತ ತಿಂತು? ನೀ ಶಾಲೆಗೆ ಹೋದ ಕೂಡ್ಲೆ ಕುಂಡ ಅಂಗಳಕ್ಕೆ ತಂದಿಡ್ತಿದ್ದೆ, ನೀ ಬಪ್ಪದ್ರೊಳಗೆ ಒಳಗಿಡ್ತಿದ್ದೆ.”

ಆಯಿಗೆ ಆ ಪಾಠ ಇಷ್ಟು ಚೆನ್ನಾಗಿ ಗೊತ್ತಿರದಿದ್ದರೆ ನಾನಿಂದು ಅದನ್ನು ಕಲಿಸಿಬಿಡುತ್ತಿದ್ದೆ.