ದಮ್ ಧರಾ

ನನ್ನ ಹೃದಯವನ್ನು ಒಬ್ಬ ಡಾಕ್ಟರು ನಿಲ್ಲಿಸಿ, ರಿಪೇರಿ ಮಾಡಿ, ಮತ್ತೆ ನಡೆಸಿದ್ದಾರೆ. ಬೈಪಾಸ್ ಆದ ಎಷ್ಟೋ ಜನರಿಗೆ ಹೀಗೇ ಮಾಡುತ್ತಾರೆ, ಅದರಲ್ಲೇನು ವಿಶೇಷ ಎಂದು ಮಗಳು ಹೇಳುತ್ತಿದ್ದಳು. ನನಗೆ ಮಾತ್ರ ಆ ಬೆರಗು ಇವತ್ತಿಗೂ ಇಳಿದಿಲ್ಲ. ಕಾಲಿನಲ್ಲಿ ತನ್ನ ಪಾಡಿಗಿದ್ದ ಒಂದು ರಕ್ತನಾಳವನ್ನು ತೆಗೆದು ಎದೆಯೊಳಗೆ ಜೋಡಿಸಿದರೆ ಅದು ಹೊಸ ಜಾಗದಲ್ಲಿ ತಕರಾರಿಲ್ಲದೆ ಕೆಲಸಕ್ಕೆ ನಿಲ್ಲುತ್ತದಂತೆ. ಹೋಟೆಲಿನಲ್ಲಿ ಲೋಟ ತೊಳೆಯುವವನನ್ನು ದೋಸೆ ಕಾವಲಿಯ ಮುಂದೆ ನಿಲ್ಲಿಸಿದರೆ ಒಂದು ವಾರ ಮುಖ ಊದಿಸಿಕೊಂಡಿರುತ್ತಾನೆ.

ಹೋಟೆಲಿನ ಮಾತು ಯಾಕೆಂದರೆ, ಕುಂದಾಪುರದ ಕಡೆಯಿಂದ ಬಂದ ನಾನು ಮರಾಠಿ ಸೀಮೆಯ ಠಾಣೆ, ಕಲ್ಯಾಣದ ಹೋಟೆಲ್ ಅಡುಗೆಮನೆಗಳಲ್ಲೇ ತಲೆ ನರೆಸಿಕೊಂಡವನು. ಸಾಂಬಾರಿನ ದೊಡ್ಡ ಟೋಪನ್ನು ಒಲೆಯಿಂದ ಇಳಿಸುವುದು ಎಲ್ಲರಿಂದಾಗುವ ಕೆಲಸವಲ್ಲ. ಎರಡು ಕೈಗೆ ಎರಡು ಗೋಣಿತುಂಡು, ಹೊಟ್ಟೆಯಲ್ಲಿ ಬಿಗಿಹಿಡಿದ ಉಸಿರು. ಟೋಪು ನೆಲ ಮುಟ್ಟುವ ತನಕ ಉಸಿರು ಬಿಡುವಂತಿಲ್ಲ. ಇದಕ್ಕೆ ನಾವು ದಮ್ಮು ಹಿಡಿಯುವುದು ಎನ್ನುತ್ತಿದ್ದೆವು. ದಮ್ಮು ಹಿಡಿಯಲು ಬಾರದವನು ತೆಂಗಿನಕಾಯಿ ತುರಿಯುತ್ತಾ ಮೂಲೆಯಲ್ಲಿ ಕೂರಬೇಕಿತ್ತು.

ಬೈಪಾಸ್ ಆದಾಗ, ಎದೆಮೂಳೆ ಕೂಡುವ ತನಕ ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಮನೆಯವರು ಅದನ್ನು ಜೀವಾವಧಿ ಶಿಕ್ಷೆ ಮಾಡಿಬಿಟ್ಟರು. ಹಾಲಿನ ಚೀಲಕ್ಕೆ ಕೈ ಹಾಕಿದರೂ ಹೆಂಡತಿ ಕಸಿದುಕೊಳ್ಳುತ್ತಿದ್ದಳು. ಒಂದೆರಡು ವರ್ಷ ಹೀಗೆ ಕಳೆಯುವಷ್ಟರಲ್ಲಿ ನನ್ನ ತೋಳುಗಳು ಬಾಡಿದ ಪಡವಲಕಾಯಿಯಂತಾದವು. ಆಮೇಲೆ ಅವಳೇ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಪರೇಷನ್ ಆಗಿ, ವಾಕರ್ ಹಿಡಿದು ನಡೆಯುವಷ್ಟು ಸುಧಾರಿಸಿದಳು. ಆದರೆ ಕುರ್ಚಿಯಿಂದಾಗಲಿ ಮಂಚದಿಂದಾಗಲಿ ಏಳಬೇಕಾದರೆ ಯಾರಾದರೂ ಹಿಡಿದೆತ್ತಬೇಕು. ಹಗಲಿಗೆ ಅವಳನ್ನು ನೋಡಿಕೊಳ್ಳಲು ಒಬ್ಬ ಮಾವಶಿ, ಕೆಲಸದ ಹೆಂಗಸು, ಬರುತ್ತಿದ್ದರು. ಸಂಜೆ ಅವರು ಹೊರಟ ಮೇಲೆ ನಾನು ಕೈ ಕೊಟ್ಟರೆ ನನ್ನ ತೋಳು ಗಡಗಡ ನಡುಗುತ್ತಿತ್ತು. ಪಕ್ಕದ ಮನೆಯವರನ್ನು ಕರೆಯುವಾಗ ಅವಳು ನಾಚಿಕೆಯಿಂದ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು.

ಮಗಳ ಮನೆ ಐರೋಲಿಯಲ್ಲಿ. ಅತ್ತೆ, ಮಾವ, ಮಕ್ಕಳು ಇರುವ ಫ್ಲ್ಯಾಟು. ಇನ್ನೊಬ್ಬರಿಗೆ ಹೇಗೋ ಜಾಗವಾಗಬಹುದು, ಇಬ್ಬರಿಗೆ ಸಾಧ್ಯವಿಲ್ಲ. ದೀಪಾವಳಿ ಮುಗಿದ ಮೇಲೆ ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ ಎಂದಳು. ಅವಳ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಈ ವಯಸ್ಸಿನಲ್ಲಿ ನಾನು ಇಲ್ಲೇ ಡೊಂಬಿವಲಿಯಲ್ಲಿ, ಇವಳು ಐರೋಲಿಯಲ್ಲಿ.

ಮರುದಿನವೇ ಠಾಣೆಯ ಆಸ್ಪತ್ರೆಗೆ ಹೋಗಿ ಅದೇ ಡಾಕ್ಟರನ್ನು ಕೇಳಿದೆ, ಇವಳನ್ನು ಎಬ್ಬಿಸುವಷ್ಟು ಬಲ ನನಗೆ ಮತ್ತೆ ಬರಬಹುದೇ ಎಂದು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಟ್ರೆಡ್‌ಮಿಲ್ಲಿನ ಪಟ್ಟಿಯ ಮೇಲೆ ನಡೆಸಿ ಪರೀಕ್ಷೆ ಮಾಡಿ, ಬರಬಹುದು, ಆದರೆ ನಿಮ್ಮ ಅವಸರಕ್ಕೆ ಬರುವುದಿಲ್ಲ ಎಂದು ತಮ್ಮಲ್ಲೇ ಇದ್ದ ಫಿಸಿಯೋಥೆರಪಿ ಹುಡುಗಿಯ ಹತ್ತಿರ ಕಳಿಸಿದರು. ಮರಾಠಿ ಹುಡುಗಿ, ಮಾತಿಗೊಮ್ಮೆ ಕಾಕಾ ಎನ್ನುವವಳು. ಅವಳು ನನ್ನ ಕೈಗೆ ಕೊಟ್ಟದ್ದು ಅರ್ಧ ಕಿಲೋ ತೂಕದ ಡಂಬೆಲ್ಲು. ನನಗೆ ನಗು ಬಂತು. ಕೊತ್ತಂಬರಿ ಕಟ್ಟನ್ನು ಎತ್ತಲು ಕಲಿಸುತ್ತಿದ್ದಾಳೆ ಅನಿಸಿತು. ಊಟವಾದ ಕೂಡಲೇ ಮಾಡಬಾರದು, ಮೊದಲು ಸ್ವಲ್ಪ ನಡೆದು ಮೈ ಬೆಚ್ಚಗಾಗಬೇಕು, ಎದೆ ಹಿಡಿದರೆ ಅಥವಾ ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ ತಿಳಿಸಬೇಕು ಎಂದೆಲ್ಲ ಹೇಳಿದಳು. ನಾನು ಸರಸರನೆ ಎತ್ತತೊಡಗಿದಾಗ ಭುಜದ ಮೇಲೆ ಕೈ ಇಟ್ಟು ಅಂದಳು:

"ಕಾಕಾ, ಜರಾ ದಮ್ ಧರಾ."

ಅಷ್ಟು ಸಾಕಾಯಿತು ನನಗೆ. ಧರಾ ಎಂದರೆ ಹಿಡಿಯಿರಿ. ದಮ್ಮು ಹಿಡಿಯುವುದನ್ನು ಈ ಹುಡುಗಿ ನನಗೆ ಹೇಳಿಕೊಡಬೇಕೇ? ಮನೆಗೆ ಬಂದು ನೀರಿನ ಬಾಟಲಿ ಹಿಡಿದು, ಹೊಟ್ಟೆ ಬಿಗಿದು, ಕೆನ್ನೆ ಉಬ್ಬಿಸಿ ಎತ್ತಿದೆ. ದಿನವೂ ಹೀಗೇ ನಡೆಯಿತು. ಮಾವಶಿ ಬಜಾರಿಗೆ ಹೋಗಿದ್ದ ಒಂದು ಬೆಳಿಗ್ಗೆ ಕೋಣೆ ಗರ್ರನೆ ತಿರುಗಿ, ಕಣ್ಣು ಕಪ್ಪಿಟ್ಟು, ಸೋಫಾದ ಮೇಲೆ ಕುಸಿದೆ. ಕುರ್ಚಿಯಲ್ಲಿದ್ದ ಹೆಂಡತಿ ಎದ್ದು ಬರಲಾರದೆ ಒದ್ದಾಡಿದಳು.

"ಹ್ವಾಯ್, ನಿಮ್ಗೆ ಎಂತಾರೂ ಆದ್ರೆ ನನ್ನ ಕಾಂಬುದ್ ಯಾರ್?" ಎಂದು ಅತ್ತಳು.

ಠಾಣೆಯ ಆಸ್ಪತ್ರೆಗೆ ಓಡಿದೆ. ಡಾಕ್ಟರು ಇಸಿಜಿ ತೆಗೆದು, ಗಾಬರಿ ಬೇಡ ಎಂದ ಮೇಲೆ ಆ ಹುಡುಗಿ ನಾನು ಹೇಗೆ ಎತ್ತುತ್ತೇನೆಂದು ಮಾಡಿ ತೋರಿಸಲು ಹೇಳಿದಳು. ನನ್ನ ಉಬ್ಬಿದ ಕೆನ್ನೆ ನೋಡಿ ಅವಳ ಮುಖ ಬಿಳಿಚಿತು. ಉಸಿರು ಯಾಕೆ ಕಟ್ಟುತ್ತೀರಿ ಎಂದಳು. ನೀವೇ ದಮ್ ಧರಾ ಅಂದಿರಲ್ಲ ಎಂದೆ. ಅವಳು ಹಿಂದಿಯಲ್ಲಿ ಬಿಡಿಸಿ ಹೇಳಿದಳು. ಮರಾಠಿಯಲ್ಲಿ ದಮ್ ಧರಾ ಎಂದರೆ ತಾಳ್ಮೆಯಿಂದಿರಿ, ಅವಸರ ಬೇಡ ಎಂದಂತೆ. ಉಸಿರು ಕಟ್ಟಿ ಭಾರ ಎತ್ತಿದರೆ ರಕ್ತದೊತ್ತಡ ಒಮ್ಮೆಲೇ ಏರಿ ಇಳಿಯುತ್ತದೆ; ರಿಪೇರಿಯಾದ ಹೃದಯಕ್ಕೆ ಅದೇ ದೊಡ್ಡ ಶತ್ರು. ಇಷ್ಟು ವರ್ಷ ಈ ನೆಲದ ಅನ್ನ ತಿಂದರೂ ನನ್ನ ಮರಾಠಿ ತರಕಾರಿ ಬಜಾರು ದಾಟಿರಲಿಲ್ಲ. ಅಡುಗೆಮನೆಯೊಳಗೆ ಕನ್ನಡ, ತುಳುವಿನಲ್ಲೇ ಎಲ್ಲ ನಡೆದುಹೋಗುತ್ತಿತ್ತು.

ಹಳೆಯ ಅಭ್ಯಾಸ ಬಿಡಬೇಕಲ್ಲ. ಎತ್ತುವಾಗ ಬಾಯಿಬಿಟ್ಟು ಏನಾದರೂ ಹೇಳಿ, ಮಾತಾಡುವವನಿಗೆ ಉಸಿರು ಕಟ್ಟಲು ಬರುವುದಿಲ್ಲ ಎಂದಳು. ದೇವರ ನಾಮ ಹೇಳೋಣವೆಂದರೆ ಬಾಯಿಗೆ ಬಂದದ್ದು ಹೋಟೆಲಿನ ಆರ್ಡರು. ಕೈ ಮೇಲಕ್ಕೆ ಹೋಗುವಾಗ "ಏಕ್ ಸಾದಾ", ಇಳಿಸುವಾಗ ಉಸಿರು ಒಳಕ್ಕೆ. ಮತ್ತೆ ಮೇಲಕ್ಕೆ, "ದೋ ಮಸಾಲಾ". ಮಾವಶಿ ಮೊದಲ ದಿನ ನಿಜಕ್ಕೂ ದೋಸೆ ಬೇಕೇನೋ ಎಂದು ಅಡುಗೆಮನೆಗೆ ಹೋದರು. ಎಂಐಡಿಸಿಯ ಕಾರ್ಖಾನೆಗಳ ಘಾಟು ಬಂದ ದಿನ ಕಿಟಕಿ ಮುಚ್ಚಿ, ಮೈ ಸರಿಯಿಲ್ಲದ ದಿನ ರಜೆ ಹಾಕಿ, ಬಾಕಿ ದಿನ ತಪ್ಪದೆ ಮಾಡಿದೆ. ತೂಕ ಏರಿಸುವುದು ಆ ಹುಡುಗಿಗೆ ಬಿಟ್ಟ ವಿಚಾರ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ತೋಳಿಗೆ ಸೋಪು ಹಚ್ಚುತ್ತಿದ್ದೆ. ಕೈಗೆ ಏನೋ ಗಟ್ಟಿಯಾದದ್ದು ಸಿಕ್ಕಿತು. ಒತ್ತಿ ನೋಡಿದೆ. ಮಾಂಸ. ನನ್ನದೇ. ಕಣ್ಣಿನಲ್ಲಿ ನೀರು ಬಂತು, ಸೋಪಿನದಲ್ಲ. ಪಿಂಚಣಿಯ ವಯಸ್ಸು ದಾಟಿದ ಮೈ, ಅದೂ ಕೊಯ್ದು ಹೊಲಿದ ಮೈ, ಕೇಳಿದರೆ ಇನ್ನೂ ಕೊಡುತ್ತದೆ. ಯಾರು ಇಟ್ಟಿದ್ದರು ಇದನ್ನು ಇಷ್ಟು ವರ್ಷ ನನ್ನೊಳಗೆ? ಬಚ್ಚಲಿನಲ್ಲೇ ಕೈ ಮುಗಿದೆ.

ಒಬ್ಬರನ್ನು ಎಬ್ಬಿಸುವ ರೀತಿಯನ್ನೂ ಆ ಹುಡುಗಿ ಕಲಿಸಿದಳು. ಹತ್ತಿರ ನಿಲ್ಲಬೇಕು, ಮೊಣಕಾಲು ಬಾಗಿಸಬೇಕು, ಜಗ್ಗಬಾರದು, ಉಸಿರು ಬಿಡುತ್ತಾ ಜೊತೆಯಲ್ಲೇ ಏಳಬೇಕು. ಡಾಕ್ಟರು ಇನ್ನೊಮ್ಮೆ ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟರು. ಆದರೆ ಹೆಂಡತಿ ಒಪ್ಪಲಿಲ್ಲ. ಇವತ್ತು ಬೇಡ, ನಾಳೆ ನೋಡುವ ಎಂದು ಮುಂದೂಡುತ್ತಲೇ ಹೋದಳು.

ದೀಪಾವಳಿ ಮುಗಿಯಿತು. ಮಗಳು ಬಂದು ಅಮ್ಮನ ಬ್ಯಾಗು ತುಂಬಿ ಬಾಗಿಲ ಬಳಿ ಇಟ್ಟಳು. ನಾನು ಕುರ್ಚಿಯ ಮುಂದೆ ಹೋಗಿ ನಿಂತೆ. "ಪಪ್ಪಾ, ರೆಹನೇ ದೋ ನಾ," ಎಂದಳು ಮಗಳು, ಬೇಡ ಬಿಡಿ ಎಂಬ ದನಿಯಲ್ಲಿ. ಹೆಂಡತಿ ನನ್ನ ಮುಖ ನೋಡಿದಳು. ಈ ಸಲ ಬೇಡವೆನ್ನಲಿಲ್ಲ.

ಬಾಗಿ, ಅವಳ ಬೆನ್ನ ಹಿಂದೆ ಕೈ ಹಾಕಿ, "ಏಕ್ ಸಾದಾ" ಎನ್ನುತ್ತಾ ಎದ್ದೆ. ಬರಬೇಕಾದ ಭಾರ ಬರಲೇ ಇಲ್ಲ. ತಿಂಗಳುಗಟ್ಟಲೆ ಕಾದಿದ್ದ ನನ್ನ ತೋಳಿಗೆ ಅರ್ಧ ಭಾರವೂ ಸಿಗಲಿಲ್ಲ. ಅವಳು ಎದ್ದು ನಿಂತಿದ್ದಳು. ನೋಡಿದರೆ ಅವಳ ಎರಡು ಕೈಗಳೂ ಕುರ್ಚಿಯ ಹಿಡಿಯನ್ನು ಒತ್ತಿ ಆಗಷ್ಟೇ ಮೇಲೆದ್ದಿದ್ದವು, ಮೊಣಕೈ ಇನ್ನೂ ನಡುಗುತ್ತಿತ್ತು. ನಾನು ಬಾಟಲಿ ಎತ್ತುವಾಗಲೆಲ್ಲ ಇವಳು ಒಳಗೆ ಕುರ್ಚಿಯ ಹಿಡಿ ಒತ್ತಿ ಮೈ ಎತ್ತಲು ಪ್ರಯತ್ನಿಸುತ್ತಿದ್ದಳಂತೆ. ಮಾವಶಿ ಹಿಂದೆ ನಿಂತು ಕಾಯುತ್ತಿದ್ದರಂತೆ. ನನಗೊಬ್ಬನಿಗೆ ಗೊತ್ತಿರಲಿಲ್ಲ.

"ಆ ಎದೆ ಮೇಲೆ ನನ್ನ ಭಾರ ಪೂರಾ ಹಾಕೂಕೆ ಮನ್ಸ್ ಬರ್ಲಿಲ್ಲ ಮಾರಾಯ್ರೆ," ಎಂದಳು.

ಅವಳು ನನ್ನ ತೋಳು ಹಿಡಿದು ನಿಂತೇ ಇದ್ದಳು. ಮಗಳು ನಮ್ಮಿಬ್ಬರನ್ನೂ ನೋಡಿ, ಬಾಗಿಲ ಬಳಿಯ ಬ್ಯಾಗನ್ನು ಒಳಗೆ ತೆಗೆದುಕೊಂಡು ಹೋಗಿ, ಅಮ್ಮನ ಸೀರೆಗಳನ್ನು ಕಪಾಟಿನಲ್ಲಿ ಇಡತೊಡಗಿದಳು.