ದಿಂಡಲ ಕೋಲಿನ ದಸ್ತಗೀರ ಭಾಯಿ

ನಮ್ಮ ಮೊಮ್ಮಗ ನೇಮಣ್ಣನಿಗೆ ಕೆಲಸ ಸಿಕ್ಕಿತು. ಮೊನ್ನೆ ಮುಂಜಾನೆ ಟಪಾಲಿನವ ಬೆಳಗಾವಿಯ ಒಂದು ಕ್ಲಬ್ಬಿನ ಪತ್ರ ತಂದುಕೊಟ್ಟ. ಹಸಿರು ಬನಾತಿನ ಬಟ್ಟೆ ಬಿಗಿದ ಮೇಜಿನ ಮೇಲೆ ಉದ್ದ ಕೋಲಿನಿಂದ ಚೆಂಡು ಹೊಡೆಯುವ ಆಟಗಳಿವೆಯಲ್ಲ, ಬಿಲಿಯರ್ಡ್ಸ್, ಪೂಲ್ ಅನ್ನುತ್ತಾರೆ, ಅವನ್ನು ಆಡುವುದು, ಬಂದವರಿಗೆ ಕಲಿಸುವುದು, ಅದಕ್ಕೇ ತಿಂಗಳ ಪಗಾರ. ಕಸ ಹೊಡೆಯುವುದಲ್ಲ, ಚಹಾ ಕೊಡುವುದಲ್ಲ, ಆಡುವುದು. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವನು. ಅಕ್ಷರದ ಕೆಳಗೆ ಬೆರಳಿಟ್ಟು ಮೂರು ಸಲ ಓದಿದೆ. ನಾಲ್ಕನೇ ಸಲ ಕೊಟ್ಟಿಗೆಗೆ ಹೋಗಿ ಎತ್ತುಗಳಿಗೂ ಓದಿ ಹೇಳಿದೆ. ನಮ್ಮ ಕೊಣ್ಣೂರಿನಲ್ಲಿ ಯಾರಿಗೆ ನಗಬೇಕು ಅನ್ನಿಸುತ್ತದೋ ಅವರು ನಗಲಿ, ನನ್ನ ಮನೆಯ ಬಾಗಿಲ ಮುಂದೆಯೇ ನಿಂತು ನಗಲಿ.

ಈ ಸುದ್ದಿಯನ್ನು ನಾನು ಎಲ್ಲರಿಗಿಂತ ಮೊದಲು ಹೇಳಬೇಕಾದವನು ಗೋಕಾಕದ ದಸ್ತಗೀರ ಭಾಯಿ. ಅವನು ಈಗ ಇಲ್ಲ. ಇಂಥವನೊಬ್ಬ ಇದ್ದ ಅನ್ನುವುದಾದರೂ ಕಾಗದದ ಮೇಲೆ ಇರಲಿ ಅಂತ ಬರೆಯುತ್ತಿದ್ದೇನೆ.

ದಸ್ತಗೀರ ಭಾಯಿ ಯಾವ ಕೋಲನ್ನು ಕಂಡರೂ ಸುಮ್ಮನೆ ದಾಟಿ ಹೋಗುತ್ತಿರಲಿಲ್ಲ. ಎತ್ತಿಕೊಂಡು, ಒಂದು ಕಣ್ಣು ಮುಚ್ಚಿ, ಬುಡವನ್ನು ಕೆನ್ನೆಗೆ ಹಚ್ಚಿ, ತುದಿಯ ತನಕ ನೋಡುತ್ತಿದ್ದ. ಆಮೇಲೆ ನೆಲಕ್ಕಿಟ್ಟು ಉರುಳಿಸುತ್ತಿದ್ದ. ಲಟ್ಟಣಿಗೆ, ಕೊಡೆಯ ಹಿಡಿಕೆ, ತೊಟ್ಟಿಲ ಕಡ್ಡಿ, ಯಾವುದೂ ಬಚಾವಾಗಲಿಲ್ಲ. ನನ್ನ ಮಗಳಿಗೆ ಗಂಡು ನೋಡಲು ಹುಕ್ಕೇರಿಗೆ ಹೋದಾಗ ಅವನನ್ನೂ ಕರೆದುಕೊಂಡು ಹೋಗಿದ್ದೆ. ಅಲ್ಲಿ ಹುಡುಗನ ಅಜ್ಜನ ಕೈಯಿಂದ ಊರುಗೋಲು ಇಸಕೊಂಡು ಪರೀಕ್ಷೆ ಮಾಡಿ, ಎಲ್ಲರ ಮುಂದೆ ತೀರ್ಪು ಕೊಟ್ಟ: "ಹುಡುಗ ಛಲೋ ಅದಾನ್ರಿ. ಅಜ್ಜಾರ ಬಡಿಗಿ ಅಷ್ಟ ಡೊಂಕ ಐತಿ." ಅಜ್ಜ ಮೊದಲು ಸಿಟ್ಟಾದ, ಆಮೇಲೆ ನಕ್ಕ. ಮದುವೆ ಗೊತ್ತಾಯಿತು.

ಅವನ ಉದ್ಯೋಗ ಎರಡು. ಗೋಕಾಕದ ಊರ ಹೊರಗೆ ಸಾಹೇಬರದೊಂದು ಕ್ಲಬ್ಬು ಇತ್ತು. ಅಲ್ಲಿ ಅವನು ಮಾರ್ಕರ್. ಅಂದರೆ ಆಟದ ಎಣಿಕೆ ಇಡುವವನು, ಸಾಹೇಬರಿಗೆ ಹೊಡೆತ ಕಲಿಸುವವನು, ಜೋಡಿ ಇಲ್ಲದವರಿಗೆ ಜೋಡಿಯಾಗಿ ಆಡುವವನು. ಉಳಿದ ಹೊತ್ತು ಬೊಂಬೆ ಮಾಡುವವರ ಓಣಿಯ ತನ್ನ ಮನೆಯಲ್ಲಿ ಆ ಆಟದ ಕೋಲುಗಳನ್ನು ಮಾಡುತ್ತಿದ್ದ. ನಮ್ಮ ಗೆಳೆತನ ಶುರುವಾದದ್ದು ಮುರಿದ ಅಚ್ಚಿನಿಂದ. ಅಪ್ಪನ ಕಾಲದ ನನ್ನ ಬಂಡಿಗೆ ಇನ್ನೂ ಮರದ ಅಚ್ಚು, ದಿಂಡಲ ಮರದ್ದು. ಹತ್ತಿಯ ಹೊರೆ ಹೇರಿಕೊಂಡು ಹೋಗುವಾಗ ಅವನ ಮನೆಯ ಮುಂದೆಯೇ ಲಟಕ್ಕನೆ ಮುರಿಯಿತು. ನಾನು ಹಣೆ ಬಡಿದುಕೊಳ್ಳುತ್ತಿದ್ದರೆ ಅವನು ಓಡಿ ಬಂದು ಮುರಿದ ತುಂಡನ್ನು ಮೂಸಿ ನೋಡಿದ. ಇದು ಎಷ್ಟು ಮಳೆಗಾಲ ಕಂಡಿದೆ ಅಂತ ಕೇಳಿದ. ಮೂವತ್ತಾದರೂ ಆದಾವು ಅಂದೆ. ಹೊಸ ಅಚ್ಚು ನಾನು ಹಾಕಿಕೊಡುತ್ತೇನೆ, ಈ ತುಂಡು ನನಗೆ ಬಿಡು ಅಂದ. ವಿಲಾಯತಿಯಿಂದ ಬರುವ ಮರಕ್ಕೆ ಸಮನಾದದ್ದು ನಮ್ಮ ಸೀಮೆಯಲ್ಲಿ ಹಳೆಯ ಅಚ್ಚಿನ ದಿಂಡಲ ಒಂದೇ ಅನ್ನುವುದು ಅವನ ಸಿದ್ಧಾಂತ. ಬುಡಕ್ಕೆ ಸೀಸಂ ಮರ ಕೂಡಿಸಿ, ರಂದಾ ಹೊಡೆದು, ಒಡೆದ ಗಾಜಿನಿಂದ ಹೆರೆದು, ಒಂದು ಕೋಲಿಗೆ ಎರಡು ತಿಂಗಳು ತೆಗೆದುಕೊಳ್ಳುತ್ತಿದ್ದ. ಮುಗಿದ ಕೋಲನ್ನು ಕೈಯಲ್ಲಿ ಹಿಡಿದರೆ ಅದು ನನ್ನ ಬಂಡಿಯ ಕೆಳಗೆ ಕೆಸರು ತಿಂದ ಮರ ಅಂತ ನನಗೇ ನಂಬಿಕೆ ಬರುತ್ತಿರಲಿಲ್ಲ.

ಆದರೆ ಇದನ್ನೆಲ್ಲ ಉದ್ಯೋಗ ಅಂತ ಒಪ್ಪುವವರು ಊರಿನಲ್ಲಿ ಯಾರು? ಒಂದು ಸಲ ಮಂದಿ ಎಣಿಸಲು ಸಾಲಿಯ ಮಾಸ್ತರರು ದೊಡ್ಡ ವಹಿ ಹಿಡಿದುಕೊಂಡು ಅವನ ಮನೆಗೆ ಬಂದಾಗ ನಾನು ಅಲ್ಲೇ ಕೂತಿದ್ದೆ. ಹೆಸರು, ವಯಸ್ಸು, ಮಕ್ಕಳು ಎಲ್ಲ ಬರೆದು ಉದ್ಯೋಗ ಏನು ಅಂದರು.

"ಆಟ ಆಡತೇನ್ರಿ," ಅಂದ ಭಾಯಿ.

"ಅದು ಹೊತ್ತ ಕಳಿಯೂದು ಆತು. ಹೊಟ್ಟಿಗೆ ಏನ ಮಾಡತೀರಿ?"

"ಹೊಟ್ಟಿಗೇ ಆಡತೇನ್ರಿ."

ಮಾಸ್ತರರು ಅವನ ಮುಖ ನೋಡಿ, ನನ್ನ ಮುಖ ನೋಡಿ, 'ಬಡಿಗ' ಅಂತ ಬರೆದರು. ಭಾಯಿಗೆ ಓದು ಬರುತ್ತಿರಲಿಲ್ಲ. ಏನು ಬರೆದಿರಿ ಅಂತ ಕೇಳಿದ. ತಿಳಿದ ಮೇಲೆ ಹೊಸ್ತಿಲಿಗೆ ಅಡ್ಡ ಒಂದು ಹಲಗೆ ಇಟ್ಟು ಅದರ ಮೇಲೆ ಕೂತುಬಿಟ್ಟ. ಕುರ್ಚಿ ಮಾಡುವವನು ಬಡಿಗ, ತಾನು ಒಂದೂ ಕುರ್ಚಿ ಮಾಡಿದವನಲ್ಲ, ಸರಿಯಾಗಿ ಬರೆಯದೆ ಹೋಗಬಾರದು ಅಂದ. ಮಾಸ್ತರರು 'ಕ್ಲಬ್ಬಿನ ನೌಕರ' ಅಂತ ತಿದ್ದಿದರು. ಅದೂ ಆಗಲಿಲ್ಲ. ಕೊನೆಗೆ ಬೇಸತ್ತು 'ಕೋಲು ಮಾಡುವವನು' ಅಂತ ಬರೆದು, ಹಲಗೆ ದಾಟಿ ಹೋದರು. 'ಆಡುವವನು' ಅಂತ ಮಾತ್ರ ಬರೆಯಲಿಲ್ಲ. ಮಾಸ್ತರರು ಹೋದಲ್ಲೆಲ್ಲ ಈ ಕಥೆ ಹೇಳಿರಬೇಕು. ಹದಿನೈದು ದಿನಕ್ಕೆ ಮೂಡಲಗಿಯಿಂದ ಇಬ್ಬರು ಮುದುಕರು ಊರುಗೋಲು ಬೇಕು ಅಂತ ಹುಡುಕಿಕೊಂಡು ಬಂದರು. ಭಾಯಿ ಬೈಯಲಿಲ್ಲ. ಇಬ್ಬರಿಗೂ ಮಾಡಿಕೊಟ್ಟ. ಮೂಡಲಗಿಯಲ್ಲಿ ಅಷ್ಟು ನೆಟ್ಟಗಿನ ಊರುಗೋಲನ್ನು ಅಲ್ಲಿಯ ತನಕ ಯಾರೂ ಊರಿರಲಿಲ್ಲ.

ಕ್ಲಬ್ಬಿನಲ್ಲಿ ಅವನ ಮಾತು ನಡೆಯುತ್ತಿತ್ತು, ಆದರೆ ಒಂದು ಕಟ್ಟಳೆಯ ಒಳಗೆ. ಮಾರ್ಕರ್ ಆದವನು ಸಾಹೇಬರ ಜೊತೆ ಆಡುವಾಗ ಕೊನೆಗೆ ಸೋಲಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರಿಗೂ ಗೊತ್ತು. ಭಾಯಿಗೂ ಗೊತ್ತು. ಕಲಿಸುವಾಗ ಬೇಕಾದಷ್ಟು ಬಿಟ್ಟುಕೊಡುತ್ತಿದ್ದ, ಆದರೆ ಪಂದ್ಯ ಅಂತ ಕೋಲು ಹಿಡಿದರೆ ಬಿಟ್ಟುಕೊಡುವುದು ಅವನ ಕೈಗೆ ಬರುತ್ತಿರಲಿಲ್ಲ. ಒಂದು ರವಿವಾರ ಮಧ್ಯಾಹ್ನ ನಾನು ಕ್ಲಬ್ಬಿಗೆ ಕಟ್ಟಿಗೆ ಹೇರಿಕೊಂಡು ಹೋಗಿದ್ದೆ. ಕಿಟಕಿಯಿಂದ ಕಣ್ಣಾರೆ ನೋಡಿದೆ. ಭಾಯಿಯೂ ಸೇರಿ ಐದು ಜನ ಪೂಲ್ ಆಡುತ್ತಿದ್ದರು. ಆ ಆಟದಲ್ಲಿ ಒಬ್ಬೊಬ್ಬನಿಗೆ ಒಂದೊಂದು ಬಣ್ಣದ ಚೆಂಡು, ಮೂರು ಮೂರು ಜೀವ. ನಿನ್ನ ಚೆಂಡನ್ನು ಬೇರೆಯವನು ತೂತಿಗೆ ಕೆಡವಿದರೆ ಒಂದು ಜೀವ ಹೋಯಿತು. ಹೊಸದಾಗಿ ಬಂದ ಒಬ್ಬ ಸಾಹೇಬ ತನ್ನನ್ನು ಸೋಲಿಸುವವರಿಲ್ಲ ಅಂತ ವಾರದಿಂದ ಹೇಳುತ್ತಿದ್ದನಂತೆ. ಭಾಯಿ ಅವನ ಮೂರೂ ಜೀವವನ್ನು ಒಂದರ ಹಿಂದೊಂದು ತೆಗೆದ. ತನ್ನ ಮೂರಕ್ಕೆ ಮೂರೂ ಉಳಿಸಿಕೊಂಡ. ಕ್ಲಬ್ಬಿನ ದೊಡ್ಡ ಕಾರಕೂನ ಭಾಯಿಯನ್ನು ಹೊರಗೆ ಕರೆದು, ಕೈ ತಪ್ಪಿ ಹಾಗಾಯಿತು ಅಂತ ಮಾಫಿ ಕೇಳಿಬಿಡು, ಇಲ್ಲದಿದ್ದರೆ ನಾಳೆಯಿಂದ ಬರಬೇಡ ಅಂದ.

ಭಾಯಿ ಕೋಲನ್ನು ಒರೆಸುತ್ತಲೇ ಹೇಳಿದ: "ಕೈ ತಪ್ಪಿದ್ರ ಮಾಫಿ ಕೇಳತಿದ್ನಿ ಸಾಹೇಬ. ತಪ್ಪಿಲ್ಲ. ಸೋಲಾಕ ಪಗಾರ ಕೊಡೂದಿದ್ರ ಸೋಲಾಂವನ್ನ ಇಟಗೋರಿ."

ನನ್ನ ಖಾಲಿ ಬಂಡಿಯಲ್ಲೇ ಕೂತು ಊರಿಗೆ ಬಂದ. ದಾರಿಯುದ್ದಕ್ಕೂ ಹಾಡುತ್ತಿದ್ದ. ಊರವರು ಗೋಲಿ ಆಡಿ ಅನ್ನ ಕಳೆದುಕೊಂಡವನು ಅಂತ ಆಡಿಕೊಂಡರು. ಅವನು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಶಹಾಬಾದಿ ಫರಸಿ ಕಲ್ಲು ಹಾಸಿ, ಮೇಲೆ ಬನಾತು ಬಿಗಿದು, ಅರ್ಧ ಅಳತೆಯ ಮೇಜು ಮಾಡಿದ. ಕೋಲು ಮಾಡಿ ಬೇರೆ ಊರಿನ ಕ್ಲಬ್ಬುಗಳಿಗೆ ಕಳಿಸಿದ, ಕರೆದಲ್ಲಿಗೆ ಹೋಗಿ ಆಡಿದ. ಅನ್ನ ಕಳೆದುಕೊಳ್ಳಲಿಲ್ಲ.

ಆ ಮೇಜಿನ ಮೇಲೆಯೇ ನಮ್ಮ ನೇಮಣ್ಣ ಕಲಿತದ್ದು. ಹದಿನೆಂಟು ತುಂಬಿದ ಮೇಲೆ ಬಂಡಿ ಹೊಡೆಯುವ ನೆವ ಮಾಡಿಕೊಂಡು ಗೋಕಾಕಕ್ಕೆ ಹೋಗುತ್ತಿದ್ದ. ಬರುವಾಗ ಅಂಗಿಯ ತುಂಬ ಕೋಲಿನ ತುದಿಗೆ ತಿಕ್ಕುವ ನೀಲಿ ಪುಡಿ. ಇವನ ಕೈಯಲ್ಲಿ ಆಟ ಇದೆ ಅಂತ ಭಾಯಿಯೇ ಒಂದು ದಿನ ಕೋಲು ತೆಗೆದುಕೊಂಡು ನಮ್ಮ ಮನೆಗೆ ಬಂದ. ನನ್ನ ಹೆಂಡತಿ ಪದ್ಮವ್ವ ಬಾಗಿಲಲ್ಲೇ ತಡೆದು ತುದಿಗೆ ಅಂಟಿಸಿದ್ದು ಏನು ಅಂತ ಕೇಳಿದಳು. ನಮ್ಮದು ಜೈನರ ಮನೆ. ಅವಳು ನೀರನ್ನೂ ಸೋಸಿ ಕುಡಿಯುವವಳು. ಅಂಟು ಅನ್ನಬಹುದಿತ್ತು, ಅರಿವೆ ಅನ್ನಬಹುದಿತ್ತು. ಭಾಯಿ ಚರ್ಮ ಅಂದ. ಕೋಲು ಹೊಸ್ತಿಲು ದಾಟಲಿಲ್ಲ. ಜೀವ ತೆಗೆದದ್ದನ್ನು ಹಿಡಿದು ಮಾಡುವ ಆಟ ಹುಡುಗನಿಗೂ ಬೇಡ ಅಂದಳು ಅವಳು.

ಎರಡು ತಿಂಗಳು ಭಾಯಿಯ ಸುದ್ದಿಯೇ ಇಲ್ಲ. ನೂಲಿನ ಅರಿವೆಯನ್ನು ಪದರ ಪದರವಾಗಿ ಜಾಲಿಯ ಗೋಂದಿನಲ್ಲಿ ಒತ್ತಿ ತುದಿ ಮಾಡಲು ನೋಡುತ್ತಿದ್ದನಂತೆ. ತಿರುಗಿ ಬಂದವನು ಅಂಗಳದಲ್ಲೇ ನಿಂತು ಪದ್ಮವ್ವನಿಗೆ ಹೇಳಿದ: "ವೈನಿ, ಅರಿವಿ ತುದಿ ಜಾರತೈತಿ, ಚೆಂಡ ಹಿಡಿಯೂದಿಲ್ಲ. ಸುಳ್ಳ ಕೋಲ ನಾ ಕೊಡೂದಿಲ್ಲ. ಇದಕ್ಕ ಚರ್ಮದ್ದ ಐತಿ. ಹೊರಗ ಇಡಸ್ರಿ ಬೇಕಾದ್ರ, ಹುಡುಗನ್ನ ಬಿಡಸಬ್ಯಾಡ್ರಿ."

ಪದ್ಮವ್ವ, ಹಂಗಾದ್ರ ಚಪ್ಪಲಿ ಬಿಡೂ ಜಾಗಾದಾಗ ಇಡ್ರಿ ಅಂದಳು.

"ಚಪ್ಪಲಿ ಬಾಜೂಕ ಬ್ಯಾಡ್ರಿ. ಬಾರಕೋಲಿನ ಬಾಜೂಕ ಇಡ್ರಿ. ಅದಕ್ಕೂ ಚರ್ಮದ ಬಾರ ಐತಿ. ಅದು ದುಡಿಯೂ ವಸ್ತು, ಇದೂ ದುಡಿಯೂ ವಸ್ತು."

ಅವಳು ಬಾರಕೋಲನ್ನು ನೋಡಿದಳು, ಅವನನ್ನು ನೋಡಿದಳು. ಕೈ ತೊಳೆದುಕೊಂಡು ಒಳಗೆ ಬರಬೇಕು ಅಂತ ಮೊಮ್ಮಗನಿಗೆ ಹೇಳಿ ಅಡುಗೆಮನೆಗೆ ಹೋದಳು. ಅದೇ ಒಪ್ಪಿಗೆ.

ಕೊನೆಗೆ ಭಾಯಿ ಕಣ್ಣಿಗೆ ಪೊರೆ ಬಂದು ದಡ್ಡಿ ಅನ್ನುವ ಊರಿನ ಮಗಳ ಮನೆಗೆ ಹೋಗಿ ಇದ್ದ. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ನಾನೂ ನೇಮಣ್ಣನೂ ಹೋದೆವು. ಹಾಸಿಗೆಯಿಂದ ಎದ್ದು ಕೂತು, ಕೋಲು ತಂದೀಯೇನು ಅಂತ ಕೇಳಿದ. ಕೊಟ್ಟರೆ ನೋಡಲು ಆಗಲಿಲ್ಲ. ಫರಸಿಯ ಮೇಲೆ ಉರುಳಿಸಿ, ಕಿವಿಯನ್ನು ನೆಲಕ್ಕೆ ಹಚ್ಚಿ, ಅದು ಗೋಡೆ ಮುಟ್ಟುವ ತನಕ ಕೇಳಿಸಿಕೊಂಡ. ನೆಟ್ಟಗಿದೆ ಅಂದ. ಆಮೇಲೆ ನೇಮಣ್ಣನ ಮೊಣಕೈ ಹಿಡಿದು, "ಉದ್ಯೋಗ ಏನಂತ ಯಾರರ ಕೇಳಿದ್ರ ನೆಲಾ ನೋಡಬ್ಯಾಡ ಮಗಾ," ಅಂದ. ಅದಾಗಿ ಎಂಟು ದಿನಕ್ಕೆ ಮಣ್ಣಿಗೆ ಬರ್ರಿ ಅಂತ ಹೇಳಿಕಳಿಸಿದರು.

ನಿನ್ನೆ ಪದ್ಮವ್ವ ಹೋಳಿಗೆ ಮಾಡಿದಳು. ಮಗ, ಸೊಸೆ, ಹುಕ್ಕೇರಿಯ ಮಗಳು ಅಳಿಯ, ಮಕ್ಕಳು ಮರಿ, ಪದ್ಮವ್ವನ ತಮ್ಮ ಭರಮಪ್ಪ, ಎಲ್ಲರೂ ಸಾಲಾಗಿ ಕೂತಿದ್ದೆವು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಉಣ್ಣುವುದಿಲ್ಲ, ಹೀಗಾಗಿ ಬಿಸಿಲಿರುವಾಗಲೇ ಎಲೆ ಹಾಕಿದ್ದರು. ಭರಮಪ್ಪ ತುತ್ತು ಎತ್ತುವ ಮುಂಚೆ ಒಂದು ಉಪಾಯ ಹೇಳಿದ.

"ಅಕ್ಕಾ, ನಾಳೆ ಹೆಣ್ಣ ಕೊಡಾಕ ಮಂದಿ ಕೇಳತಾರ. ಕ್ಲಬ್ಬಿನ್ಯಾಗ ಕಾರಕೂನ ಅದಾನ ಅಂತ ಹೇಳೂನು?"

ನೇಮಣ್ಣ ಬಾಯಿ ತೆರೆಯುವಷ್ಟರಲ್ಲಿ ಪದ್ಮವ್ವ ತುಪ್ಪದ ಗಿಂಡಿ ಹಿಡಿದುಕೊಂಡು ತಮ್ಮನ ಎಲೆಯ ಮುಂದೆ ಬಂದು ನಿಂತಳು.

"ಕಾರಕೂನ ಯಾಕಾಗಬೇಕ? ಆಟ ಆಡತಾನ, ಪಗಾರ ತಗೋತಾನ ಅಂತ ಹೇಳು. ಹೇಳಾಕ ನಾಚಿಕಿ ಬಂದ್ರ ನನ್ನ ಕರಿ, ನಾ ಬಂದ ಹೇಳತೇನಿ."

ಭರಮಪ್ಪನ ಹೋಳಿಗೆಯ ಮೇಲೆ ತುಪ್ಪ ಸುರಿದಳು, ಸಾಕು ಅಂದರೂ ಇನ್ನಷ್ಟು ಸುರಿದಳು. ಅವನು ತಲೆಯಾಡಿಸಿ ಹೋಳಿಗೆ ಮುರಿದ. ಹೊರಗೆ ಇನ್ನೂ ಗೇಣು ಬಿಸಿಲಿತ್ತು. ಹದಿನಾಲ್ಕು ಮಂದಿ ಒಂದೇ ಸಾಲಿನಲ್ಲಿ ಕೂತು, ಹೊಟ್ಟೆ ತುಂಬ ಉಂಡೆವು.